ದೇವಕ್ಕನಿಗೆ ಓದಲು ಬರುತ್ತದೆ ಎಂದವಳು ನಾನು

ಓದಲು ಬಾರದ ಒಬ್ಬ ಹೆಂಗಸಿಗೆ ಓದಲು ಬರುತ್ತದೆ ಎಂದು ನಾನು ಸುಳ್ಳು ಹೇಳಿದೆ. ಸರಕಾರಿ ಕಚೇರಿಯಲ್ಲಿ, ಅಧಿಕಾರಿಯ ಎದುರು, ಆ ಹೆಂಗಸಿನ ಎದುರೇ ಹೇಳಿದೆ. ಒಂದೇ ಶಬ್ದ. ಆ ಒಂದು ಶಬ್ದದಿಂದ ಅವರ ಗದ್ದೆ ಹೋಯಿತು, ಮನೆ ಹೋಯಿತು, ಸಣ್ಣ ಮಗಳ ಕೈಹಿಡಿದುಕೊಂಡು ಅಣ್ಣನ ಮನೆಯ ಮೂಲೆಗೆ ಹೋಗಿ ಬೀಳಬೇಕಾಯಿತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೂ ಹೇಳಲಿಲ್ಲ — ಪಾಪ, ಆ ಮನುಷ್ಯ ನನ್ನನ್ನು ದೊಡ್ಡ ಸಮಾಜಸೇವಕಿ ಎಂದೇ ನಂಬಿಕೊಂಡು ಕಣ್ಣುಮುಚ್ಚಿದರು.

ಮೊದಲು ಇಷ್ಟು ಹೇಳಿಬಿಟ್ಟೆ. ಇಲ್ಲದಿದ್ದರೆ ನಾನು ಹಳೆಯ ಕಾಲದ ಚಂದವನ್ನೆಲ್ಲ ಹೇಳುತ್ತಾ ಹೇಳುತ್ತಾ ಮುಖ್ಯ ಮಾತನ್ನು ನುಂಗಿಬಿಡುವವಳು. ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ?

ಆದರೆ ಚಂದ ಇತ್ತು, ಅದನ್ನು ಹೇಗೆ ಇಲ್ಲ ಎನ್ನಲಿ. ಐವತ್ತರ ದಶಕದ ಕೊನೆಯ ಮಾತು ಇದು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಹೆಚ್ಚು ಸಮಯ ಆಗಿರಲಿಲ್ಲ. ಸುಳ್ಯ, ಕಡಬ ಎಲ್ಲ ಆಗ ಪುತ್ತೂರು ತಾಲೂಕೇ. ನಾನು ಇಪ್ಪತ್ತೆರಡು ವರ್ಷದ ಗ್ರಾಮಸೇವಿಕೆ — ಖಾದಿ ಸೀರೆ, ಹೆಗಲಿಗೊಂದು ಚೀಲ, ತಲೆಯ ತುಂಬ ದೇಶೋದ್ಧಾರ. ಪಂಜಕ್ಕೂ ಕಾಣಿಯೂರಿಗೂ ನಡುವಿನ ಒಂದು ಊರಿಗೆ ನನ್ನನ್ನು ಹಾಕಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಆ ಕಡೆಯವರಿಗೆ ಹೇಗೂ ತಿಳಿಯುತ್ತದೆ, ಉಳಿದವರಿಗೆ ಬೇಕಾಗಿಲ್ಲ.

ಅಲ್ಲೊಂದು ಸಮಾಜ ಕೇಂದ್ರ. ಕೇಂದ್ರ ಅಂದರೆ ದೊಡ್ಡದಾಗಿ ಕೇಳುತ್ತದೆ — ಯಾರೋ ಬಿಟ್ಟುಹೋದ ಭತ್ತದ ಕೊಟ್ಟಿಗೆ ಅದು. ಮುಳಿಹುಲ್ಲು ಹೊದೆಸಿದ ಮಾಡು, ಸೆಗಣಿ ಸಾರಿಸಿದ ನೆಲ, ಮಳೆಗಾಲದಲ್ಲಿ ಮೂರು ಕಡೆ ಸೋರಿಕೆ. ಸೋರುವ ಕಡೆ ಬಾಲವಾಡಿಯ ಮಕ್ಕಳು ತಟ್ಟೆ ಇಟ್ಟು, ಯಾರ ತಟ್ಟೆ ಮೊದಲು ತುಂಬುತ್ತದೆ ಎಂದು ಪಂಥ ಕಟ್ಟುತ್ತಿದ್ದವು. ಒಂದು ಬ್ಯಾಟರಿ ರೇಡಿಯೋ ಇತ್ತು. ಸಂಜೆ ಕೃಷಿಕರ ಕಾರ್ಯಕ್ರಮ ಬರುವಾಗ ಗಂಡಸರೆಲ್ಲ ತಲೆಯ ಮೇಲಿನ ಹಾಳೆಯ ಮುಟ್ಟಾಳೆ ತೆಗೆದು ಮಡಿಲಲ್ಲಿಟ್ಟುಕೊಂಡು, ಒಳಗೆ ದೊಡ್ಡ ಮನುಷ್ಯರು ಯಾರೋ ಕೂತಿದ್ದಾರೆ ಎಂಬ ಹಾಗೆ ಕೇಳುತ್ತಿದ್ದರು. ಒಂದು ಹೊಲಿಗೆ ಮೆಷಿನು. ಒಂದು ಡಬ್ಬಿ ಹಾಲಿನ ಹುಡಿ.

ನನ್ನ ಕೆಲಸ ಒಂದೇ ಎರಡೇ? ಬೆಳಿಗ್ಗೆ ಬಾಲವಾಡಿ. ಆಮೇಲೆ ಮನೆಮನೆ ಭೇಟಿ — ಗುಡ್ಡೆ ಹತ್ತಿ, ತೋಡು ದಾಟಿ. ಅಡಿಕೆ ಮರದ ಸಂಕದ ಮೇಲೆ ನಡೆಯಲಿಕ್ಕೆ ಬಾರದೆ ನಾನು ಕೂತುಕೊಂಡೇ ಜಾರಿ ಜಾರಿ ದಾಟುತ್ತಿದ್ದೆ. ಆಚೆ ದಡದಲ್ಲಿ ಹೆಂಗಸರು ನಗುವುದು ಕೇಳುತ್ತಿತ್ತು. ಹೊಗೆ ಇಲ್ಲದ ಒಲೆ ಹಾಕಿಸಿಕೊಳ್ಳಿ ಎಂದು ಹನ್ನೊಂದು ಮನೆಗಳಲ್ಲಿ ಗೋಗರೆದೆ. ಹಾಕಿಸಿಕೊಂಡದ್ದು ಒಂದು ಮನೆ. ತಿಂಗಳು ಬಿಟ್ಟು ಹೋಗಿ ನೋಡಿದರೆ ಅದರೊಳಗೆ ಕೋಳಿ ಕಾವಿಗೆ ಕೂತಿತ್ತು. "ಹೊಗೆ ಇಲ್ಲ ಅಂತ ಕೋಳಿಗೆ ಭಾರೀ ಖುಷಿ ಟೀಚರೇ" ಎಂದರು ಆ ಮನೆಯ ಅಜ್ಜಿ. ನಾನು ಗ್ರಾಮಸೇವಿಕೆ, ಟೀಚರಲ್ಲ ಎಂದು ಎಷ್ಟು ಹೇಳಿದರೂ ಆ ಊರಿಗೆ ನಾನು ಟೀಚರೇ.

ಮಧ್ಯಾಹ್ನ ಎರಡರಿಂದ ನಾಲ್ಕು ಹೆಂಗಸರ ಕ್ಲಾಸು. ಊಟದ ಪಾತ್ರೆ ತೊಳೆದು ಮುಗಿದು, ದನಗಳು ಗುಡ್ಡೆಯಿಂದ ಇಳಿಯುವ ಮೊದಲು ಸಿಗುವ ಎರಡು ಗಂಟೆ. ಹದಿನೈದು ಇಪ್ಪತ್ತು ಮಂದಿ ಬರುತ್ತಿದ್ದರು. ತುಳುವಿನವರು, ಅರೆಭಾಷೆಯವರು, ಇಬ್ಬರು ಬ್ಯಾರಿ ಹೆಂಗಸರು. ಪುಸ್ತಕದ ಕನ್ನಡ ಯಾರ ಮನೆಯದ್ದೂ ಅಲ್ಲ. ಮೊದಲು ಅರ್ಧ ಗಂಟೆ ಹರಟೆ, ಎಲೆಅಡಿಕೆ, ಒಬ್ಬರ ತಲೆ ಒಬ್ಬರು ನೋಡುವುದು. ಆಮೇಲೆ ನನ್ನ ಅ ಆ ಇ ಈ. ಆ ಎರಡು ಗಂಟೆಯ ನಗು ಈಗಲೂ ಒಮ್ಮೊಮ್ಮೆ ಕಿವಿಯಲ್ಲಿ ಬರುತ್ತದೆ. ಹಾಗೆ ನಗುವ ಹೆಂಗಸರನ್ನು ಆಮೇಲೆ ನಾನು ಹೆಚ್ಚು ಕಡೆ ಕಾಣಲಿಲ್ಲ.

ಅವರ ನಡುವೆ ದೇವಕ್ಕ — ಹೆಸರು ದೇವಕಿ, ನಮಗೆಲ್ಲ ದೇವಕ್ಕ. ಮೂವತ್ತರ ಹತ್ತಿರದ ವಯಸ್ಸು, ಗಂಡ ತೀರಿಕೊಂಡು ಎರಡು ವರ್ಷ, ಕುಸುಮ ಎಂಬ ಒಬ್ಬಳೇ ಮಗಳು. ಬಾವನ, ಎಂದರೆ ಗಂಡನ ಅಣ್ಣನ, ಮನೆಯ ತೆಂಕು ಬದಿಯ ಎರಡು ಕೋಣೆಯಲ್ಲಿ ವಾಸ. ಗಂಡನ ಪಾಲಿನದ್ದು ಎಂದು ತೋಡಿನ ಬದಿಯ ಒಂದು ಬೈಲುಗದ್ದೆ. ಪಾಲುಪಟ್ಟಿ ಎಂದು ಏನೂ ಬರೆದು ಆಗಿರಲಿಲ್ಲ, ಆದರೆ ಗದ್ದೆ ಅವರದ್ದೇ ಎಂದು ಊರಿಗೆಲ್ಲ ಗೊತ್ತಿತ್ತು. ತಾನೇ ನಿಂತು ನೇಜಿ ನೆಡಿಸಿ, ತಾನೇ ಕೊಯ್ಯಿಸಿ, ಮಗಳಿಗೂ ತನಗೂ ಸಾಕಾಗುವಷ್ಟು ಅಕ್ಕಿ ಮಾಡಿಕೊಳ್ಳುತ್ತಿದ್ದರು. "ನನ್ನ ಗಂಜಿಗೆ ನಾನು ಯಾರ ಮುಖವನ್ನೂ ನೋಡ್ಲಿಕ್ಕಿಲ್ಲ ಟೀಚರೇ" ಎನ್ನುವರು. ಅದನ್ನು ಹೇಳುವಾಗ ಅವರ ಕತ್ತು ಸ್ವಲ್ಪ ಉದ್ದವಾಗುತ್ತಿತ್ತು. ಅವರ ಬಾವ ತಿಮ್ಮಪ್ಪ ಗೌಡರು ಊರಿನ ಯಜಮಾನರು, ನಮ್ಮ ಕೇಂದ್ರದ ಸಮಿತಿಗೆ ಅಧ್ಯಕ್ಷರು.

ಈಗ ನನ್ನ ಮೊದಲ ತಪ್ಪಿಗೆ ಬರುತ್ತೇನೆ. ಆ ವರ್ಷ ಬ್ಲಾಕ್ ಆಫೀಸಿನಿಂದ ಒಂದು ಉತ್ಸಾಹ ಹೊರಟಿತ್ತು — ಹೆಬ್ಬೆಟ್ಟು ಇಲ್ಲದ ಊರು ಮಾಡಬೇಕು. ಎಲ್ಲರೂ ಸಹಿ ಹಾಕಬೇಕು. ಅಂಥ ಊರಿಗೆ ಹೊಸ ಸಮಾಜ ಮಂದಿರ ಕಟ್ಟಲು ಮೊದಲ ಆದ್ಯತೆ. ಸೋರುವ ಕೊಟ್ಟಿಗೆಯಲ್ಲಿ ಕೂತಿದ್ದ ನನಗೆ ಇನ್ನೇನು ಬೇಕು? ಅಕ್ಷರ ಕಲಿಸಲು ಎರಡು ವರ್ಷ ಬೇಕು, ಹೆಸರು ಬಿಡಿಸಲು ಕಲಿಸಲು ಎರಡು ವಾರ ಸಾಕು. ನಾನು ಅ ಆ ಇ ಈ ಬದಿಗಿಟ್ಟೆ. ಗೆರಸೆಯಲ್ಲಿ ಮರಳು ಹರಡಿ ಒಬ್ಬೊಬ್ಬರಿಗೆ ಅವರವರ ಹೆಸರನ್ನು ಮಾತ್ರ ತಿದ್ದಿಸಿದೆ. ರಂಗೋಲಿ ಕಲಿತ ಹಾಗೆ ಕಲಿತರು. ದೇವಕ್ಕ ತನ್ನ ಹೆಸರಿಗೆ ತನ್ನದೇ ಗುರುತು ಮಾಡಿಕೊಂಡಿದ್ದರು — ಬಾಲ ಇರುವ ‘ದೇ’, ಹೊಟ್ಟೆ ಬಂದ ‘ವ’, ಮುಂಡಾಸು ಕಟ್ಟಿದ ‘ಕಿ’. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಆದರೆ ಆ ‘ವ’ವನ್ನು ಕಿತ್ತು ಬೇರೆ ಶಬ್ದದಲ್ಲಿ ಇಟ್ಟರೆ ಅವರಿಗೆ ಗುರುತು ಸಿಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು.

ಪರೀಕ್ಷೆಗೆ ಬಯಲುಸೀಮೆಯ ಕಡೆಯ ಒಬ್ಬ ಅಧಿಕಾರಿ ಬಂದರು. ಸಹಿ ಆಯಿತು. "ಯಾರಾದರೂ ಓದಿ ತೋರಿಸ್ತಾರಾ?" ಎಂದರು. ಇದನ್ನು ನಾನು ಮೊದಲೇ ಊಹಿಸಿದ್ದೆ. ಪಾಠಪುಸ್ತಕದ ಒಂದು ಪುಟವನ್ನು ದೇವಕ್ಕನಿಗೆ ಬಾಯಿಪಾಠ ಮಾಡಿಸಿಟ್ಟಿದ್ದೆ, ಯಾವ ಗೆರೆಗೆ ಬೆರಳು ಎಲ್ಲಿಡಬೇಕು ಎಂಬುದು ಸಮೇತ. ದೇವಕ್ಕ ಎದ್ದು ನಿಂತರು. ಪುಸ್ತಕದಲ್ಲಿದ್ದದ್ದು ‘ಮನೆಯ ಮುಂದೆ ಬಾವಿ ಇದೆ’ ಎಂದು. ದೇವಕ್ಕ ಬೆರಳಿಟ್ಟು ದೊಡ್ಡ ಸ್ವರದಲ್ಲಿ, "ಮನೆಯ ಮುಂದೆ ಬಾವಿ ಉಟ್ಟು" ಎಂದರು. ಉಟ್ಟು ಅಂದರೆ ಅವರ ಅರೆಭಾಷೆಯಲ್ಲಿ ಉಂಟು. ಪುಸ್ತಕದಲ್ಲಿಲ್ಲದ ಶಬ್ದ ಬಾಯಿಂದ ಬಂದುಬಿಟ್ಟಿತ್ತು — ಓದುವವರಿಗೆ ಹಾಗೆ ಆಗುವುದುಂಟೇ? ಮುಗಿಯಿತು, ಸಿಕ್ಕಿಬಿದ್ದೆ ಎಂದುಕೊಂಡೆ. ಆ ಪುಣ್ಯಾತ್ಮ ಗಹಗಹಿಸಿ ನಕ್ಕು, "ಎಷ್ಟು ಚೆನ್ನಾಗಿದೆ ನಿಮ್ಮ ಉಚ್ಚಾರ!" ಎಂದು ಅವರ ಹೆಸರಿನಲ್ಲೇ ಒಂದು ಪ್ರಮಾಣಪತ್ರ ಕೊಟ್ಟರು. ಅಕ್ಷರಸ್ಥೆ ದೇವಕಿ. ಊರಿಡೀ ಚಪ್ಪಾಳೆ. ದೇವಕ್ಕ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಒಯ್ದರು. ನನಗೂ ಏನೋ ಹೆಮ್ಮೆ. ನಾಚಿಕೆ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ತಿಮ್ಮಪ್ಪ ಗೌಡರು ಆ ದಿನ ಚಪ್ಪಾಳೆ ತಟ್ಟಿದವರಲ್ಲಿ ಮುಂದಿನವರು. ವಾರ ಕಳೆದು ನನ್ನನ್ನು ಕೇಳಿದರು, "ನಮ್ಮ ದೇವಕಿ ಈಗ ಪೂರಾ ಓದ್ತಾಳಾ ಟೀಚರೇ?" "ಓದ್ತಾರೆ" ಎಂದೆ. ಎಂಥ ಸುಧಾರಣೆಯ ಮನುಷ್ಯ, ತಮ್ಮನ ಹೆಂಡತಿ ಓದುವುದು ಇವರಿಗೆ ಎಷ್ಟು ಸಂತೋಷ ಎಂದುಕೊಂಡೆ. ಎಂಥ ಪೆದ್ದಿ ನಾನು! ಪೆದ್ದಿಯೋ, ಅಥವಾ — ಇರಲಿ, ಬರೆಯುತ್ತಾ ಹೋಗುತ್ತೇನೆ.

ಮಂದಿರ ಮಂಜೂರಾಯಿತು. ಜಾಗ ಬೇಕಾಯಿತು. ತಿಮ್ಮಪ್ಪ ಗೌಡರು ತಮ್ಮ ಜಾಗದಲ್ಲಿ ರಸ್ತೆ ಬದಿಯ ಐದು ಸೆಂಟ್ಸು ಬಿಟ್ಟುಕೊಡುತ್ತೇನೆ ಎಂದರು. ಕುಟುಂಬದ ಆಸ್ತಿಯಾದ್ದರಿಂದ ದೇವಕ್ಕನ ಒಪ್ಪಿಗೆಯೂ ಪತ್ರದಲ್ಲಿ ಬರಬೇಕು ಎಂದರು. ದೇವಕ್ಕ, "ಮಂದಿರಕ್ಕಲ್ವಾ, ಬೇಡ ಅಂತ ಹೇಳುದುಂಟಾ? ಟೀಚರ್ ಬಂದ್ರೆ ನಾನೂ ಪೇಟೆಗೆ ಬರ್ತೇನೆ" ಎಂದರು. ನಾನು ಬಾರದೆ ಇರುತ್ತೇನೆಯೇ. ಮಂದಿರದ ನಕ್ಷೆಯನ್ನು ನಾನು ಆಗಲೇ ಮನಸ್ಸಿನಲ್ಲಿ ಹತ್ತು ಸಲ ಕಟ್ಟಿ ಮುಗಿಸಿದ್ದೆ — ಹೆಂಚಿನ ಮಾಡು, ಸಿಮೆಂಟಿನ ನೆಲ, ಹೊಲಿಗೆಗೆ ಬೇರೆ ಕೋಣೆ.

ಪೇಟೆಯ ರಿಜಿಸ್ಟ್ರಿ ಕಚೇರಿಯ ಜಗಲಿಯಲ್ಲಿ ಪತ್ರ ಬರೆಯುವವರು ಪತ್ರ ಮುಗಿಸಿ ಕೂತಿದ್ದರು. ನಾವು ಹೋಗುವ ಮೊದಲೇ ಬರೆದು ಮುಗಿದಿತ್ತು. ನನಗೆ ಸಾಕ್ಷಿ ಹಾಕಲು ಹೇಳಿದರು. ಹಾಳೆ ನನ್ನ ಕೈಗೆ ಬಂತು. ಸಾಕ್ಷಿಯ ಜಾಗ ಹುಡುಕುತ್ತಾ ಕಣ್ಣು ನಡುವಿನ ಎರಡು ಗೆರೆಯ ಮೇಲೆ ಬಿತ್ತು. ಸದರಿ ಕುಟುಂಬದ ಸ್ಥಿರಾಸ್ತಿಯಲ್ಲಿ ನನಗಿರುವ ಸಕಲ ಹಕ್ಕುಗಳನ್ನೂ ಈ ಮೂಲಕ — ಅಷ್ಟು ಓದಿದೆ. ಅಲ್ಲಿಗೆ ನಿಲ್ಲಿಸಿದೆ. ಮುಂದೆ ಓದಲಿಲ್ಲ. ಸಕಲ ಹಕ್ಕು ಯಾಕೆ, ಐದು ಸೆಂಟ್ಸಿನ ಮಾತು ಅಲ್ಲವೇ ಎಂದು ನನಗೆ ಅನಿಸಿದ್ದು ನಿಜ. ನಾನು ತಲೆ ಎತ್ತಿದ್ದನ್ನು ಗೌಡರು ಕಂಡರು. "ಅದೆಲ್ಲ ಪತ್ರ ಬರೆಯುವ ಕ್ರಮ ಟೀಚರೇ. ಹಾಗೆ ಬರೆಯದಿದ್ರೆ ಇವರು ಮಂದಿರಕ್ಕೆ ಜಾಗ ಮಾಡಿ ಕೊಡುದಿಲ್ಲ" ಎಂದರು.

ಮುಂದಿನ ಗೆರೆ ಓದಿದ್ದರೆ ನನಗೆ ತಿಳಿಯುತ್ತಿತ್ತು. ತಿಳಿದರೆ ಹೇಳಬೇಕಾಗುತ್ತಿತ್ತು. ಹೇಳಿದರೆ ಜಾಗ ಇಲ್ಲ, ಮಂದಿರ ಇಲ್ಲ. ಇಷ್ಟೂ ಆ ಒಂದು ಗಳಿಗೆಯಲ್ಲಿ ನನ್ನ ತಲೆಯೊಳಗೆ ಹೋಗಿ ಬಂತು. ಅದಕ್ಕೇ ನಾನು ಓದಲಿಲ್ಲ. ಆ ಜಗಲಿಯಲ್ಲಿ ಕೂತವರಲ್ಲಿ ಓದು ಬಲ್ಲ ಹೆಂಗಸು ನಾನೊಬ್ಬಳೇ — ನಾನು ಓದಲಿಲ್ಲ. ಸಹಿ ಹಾಕಿದೆ.

ಒಳಗೆ ಕರೆದರು. ರಿಜಿಸ್ಟ್ರಾರರು ವಯಸ್ಸಾದವರು, ಕೆಲಸದಲ್ಲಿ ಕಟ್ಟುನಿಟ್ಟಿನವರು. ಆ ಕಚೇರಿಯಲ್ಲಿ ಒಂದು ಕ್ರಮ ಇತ್ತು. ಹೆಬ್ಬೆಟ್ಟಿನವರಾದರೆ ಪತ್ರವನ್ನು ಅವರ ಎದುರು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಅರ್ಥ ಬಿಡಿಸಿ ಹೇಳಬೇಕು. ಸಹಿಯವರಾದರೆ ಬೇಡ, ಅವರೇ ಓದಿಕೊಂಡಿರುತ್ತಾರೆ ಎಂದು ಲೆಕ್ಕ. ನಾನು ಎರಡು ವಾರ ಮರಳಿನಲ್ಲಿ ತಿದ್ದಿಸಿ ದೇವಕ್ಕನಿಗೆ ಏನು ಮಾಡಿದ್ದೆ ಎಂದು ನಿಮಗೆ ಈಗ ತಿಳಿಯಿತಲ್ಲ? ಓದು ಕೊಡದೆ, ಓದು ಇಲ್ಲದವರಿಗೆ ಇದ್ದ ಒಂದು ರಕ್ಷಣೆಯನ್ನೂ ಕಿತ್ತುಕೊಂಡಿದ್ದೆ. ತಿಮ್ಮಪ್ಪ ಗೌಡರಿಗೆ ಈ ಕ್ರಮ ಗೊತ್ತಿತ್ತು. ಅವರ ಚಪ್ಪಾಳೆ ಯಾತಕ್ಕೆಂದು ನನಗೆ ತಿಳಿದದ್ದು ಆಮೇಲೆ.

ದೇವಕ್ಕ ಸಹಿ ಹಾಕಿದರು. ಬಾಲ, ಹೊಟ್ಟೆ, ಮುಂಡಾಸು — ನಿಧಾನ, ತುಟಿ ಕಚ್ಚಿಕೊಂಡು. ರಿಜಿಸ್ಟ್ರಾರರಿಗೆ ಏನೋ ಸಂಶಯ ಬಂತು. ಕನ್ನಡಕ ಕೆಳಗೆ ಜಾರಿಸಿ ನೋಡಿದರು.

"ಓದ್ಲಿಕ್ಕೆ ಬರ್ತದಾ ಅಮ್ಮ ನಿಮಗೆ? ಅಥವಾ ಸಹಿ ಮಾತ್ರವಾ? ಬಾರದಿದ್ರೆ ಹೇಳಿ, ಓದಿ ಹೇಳುವ."

ದೇವಕ್ಕ ತಿರುಗಿ ನನ್ನ ಮುಖ ನೋಡಿದರು. ಏನು ಹೇಳಲಿ ಟೀಚರೇ ಎಂದು ಆ ನೋಟ. ನಾನು ‘ಬರುವುದಿಲ್ಲ, ಓದಿ ಹೇಳಿ’ ಎಂದಿದ್ದರೆ ಸಾಕಿತ್ತು. ಆ ಮನುಷ್ಯರು ಓದುವವರಿದ್ದರು. ಓದುವುದಕ್ಕೇ ಕೇಳಿದ್ದರು. ಆದರೆ ಪ್ರಮಾಣಪತ್ರ? ಹೆಬ್ಬೆಟ್ಟಿಲ್ಲದ ಊರು? ನನ್ನ ಹೆಸರು?

"ಬರ್ತದೆ" ಎಂದೆ.

ಅಷ್ಟೇ. ಅವರು ಮುದ್ರೆ ಒತ್ತಿದರು. ಹೊರಗೆ ಬಂದು ಗೌಡರು ಹೋಟೆಲಿನಲ್ಲಿ ನಮಗೆಲ್ಲ ಗೋಳಿಬಜೆ, ಕಾಫಿ ಕೊಡಿಸಿದರು. ದೇವಕ್ಕ ಮಗಳಿಗೆಂದು ಎರಡು ಗೋಳಿಬಜೆಯನ್ನು ಎಲೆಯಲ್ಲಿ ಕಟ್ಟಿಸಿಕೊಂಡರು. ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು.

ಮಂದಿರ ಎದ್ದಿತು. ಊರವರೆಲ್ಲ ಶ್ರಮದಾನ ಮಾಡಿದರು, ಕಲ್ಲು ಹೊತ್ತ ಹೆಂಗಸರಲ್ಲಿ ದೇವಕ್ಕ ಎಲ್ಲರಿಗಿಂತ ಮುಂದೆ. ಹೊಸ ನೆಲದಲ್ಲಿ ಕಾಲು ಚಾಚಿ ಕೂತು, "ಟೀಚರೇ, ಈ ನೆಲದಲ್ಲಿ ಐದು ಸೆಂಟ್ಸು ನನ್ನದೂ ಉಂಟು, ನನ್ನನ್ನು ಏಳಿ ಅಂತ ಹೇಳ್ಬೇಡಿ" ಎಂದು ತಮಾಷೆ ಮಾಡುತ್ತಿದ್ದರು. ನಾನು ನಗುತ್ತಿದ್ದೆ. ನಕ್ಕೆನಲ್ಲ — ಅದನ್ನು ನೆನೆದರೆ ಇವತ್ತೂ ನನಗೆ ನನ್ನ ಕೆನ್ನೆಗೆ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಮರುವರ್ಷ ಗೌಡರ ಮಗನಿಗೆ ಮದುವೆ ಗೊತ್ತಾಯಿತು. ತೆಂಕು ಬದಿಯ ಕೋಣೆಗಳು ಬೇಕಾದವು. ಗದ್ದೆಯೂ ಬೇಕಾಯಿತು. ಪತ್ರ ಹೊರಗೆ ಬಂತು. ದೇವಕ್ಕ ಊರ ಹಿರಿಯರ ಬಳಿಗೆ ಹೋದರು. ಪಂಚಾಯಿತಿಕೆ ಸೇರಿದ್ದು ಎಲ್ಲಿ ಎನ್ನುತ್ತೀರಿ — ನಮ್ಮ ಹೊಸ ಮಂದಿರದಲ್ಲಿ. ನಾನು ಗೋಡೆಯ ಬದಿಯ ಬೆಂಚಿನಲ್ಲಿ ಕೂತಿದ್ದೆ.

ಹಿರಿಯರೊಬ್ಬರು ಪತ್ರ ಓದಿದರು. ಆ ಪತ್ರವನ್ನು ದೇವಕ್ಕ ಕೇಳಿದ್ದು ಅದೇ ಮೊದಲು. ಐದು ಸೆಂಟ್ಸಿನ ಮಾತು ಅದರಲ್ಲಿ ಎಲ್ಲೋ ಒಂದು ಕಡೆ. ಉಳಿದದ್ದೆಲ್ಲ ಬಿಟ್ಟುಕೊಟ್ಟೆ, ಬಿಟ್ಟುಕೊಟ್ಟೆ, ಬಿಟ್ಟುಕೊಟ್ಟೆ. ಓದಿ ಮುಗಿಸಿ ಆ ಹಿರಿಯರು ಮೆತ್ತಗೆ ಕೇಳಿದರು, "ದೇವಕೀ, ಇದನ್ನು ಓದದೆ ಸಹಿ ಹಾಕಿದ್ದಾ ನೀನು? ಓದ್ಲಿಕ್ಕೆ ಬರುದಿಲ್ಲ ಅಂತ ಆದ್ರೆ ಈಗಲೇ ಹೇಳು. ಎಂತಾದ್ರೂ ದಾರಿ ಉಂಟಾ ನೋಡುವ."

ದೇವಕ್ಕ ಎರಡನೆಯ ಸಲ ನನ್ನ ಮುಖ ನೋಡಿದರು.

ಎದ್ದು ನಿಲ್ಲಲು ನನಗೆ ಎಷ್ಟು ಹೊತ್ತು ಬೇಕಿತ್ತು? ಈ ಹೆಂಗಸಿಗೆ ಓದಲು ಬರುವುದಿಲ್ಲ, ಬರುತ್ತದೆ ಎಂದದ್ದು ನಾನು, ಪರೀಕ್ಷೆಯೂ ಸುಳ್ಳು, ಪ್ರಮಾಣಪತ್ರವೂ ಸುಳ್ಳು — ನಾಲ್ಕು ಮಾತು. ನನ್ನ ನೌಕರಿ ಆ ತಿಂಗಳು ಕಾಯಂ ಆಗುವುದಿತ್ತು. ನಾನು ನೆಲ ನೋಡಿದೆ. ಹೊಸ ಸಿಮೆಂಟಿನ ನೆಲ.

"ಓದಿದ್ದೇನೆ" ಎಂದರು ದೇವಕ್ಕ. "ಓದಿಯೇ ಹಾಕಿದ್ದು."

ಹಿರಿಯರು ಎದ್ದರು. ಮಾತು ಅಲ್ಲಿಗೆ ಮುಗಿಯಿತು. ಅಂಗಳದ ಬೇಲಿಯ ತಡಮೆ ದಾಟುವಲ್ಲಿ ನಾನು ದೇವಕ್ಕನನ್ನು ಹಿಡಿದು ನಿಲ್ಲಿಸಿದೆ. "ದೇವಕ್ಕ, ಯಾಕೆ ಹಾಗೆ ಹೇಳಿದಿರಿ?" ಎಂದೆ — ಕೇಳುವ ಮುಖ ನನಗಿತ್ತು ನೋಡಿ!

"ಎಲ್ಲರೆದುರು ಬರುದಿಲ್ಲ ಅಂತ ಹೇಗೆ ಹೇಳುದು ಟೀಚರೇ? ನಾಚಿಕೆ ಆಯ್ತು. ಚಪ್ಪಾಳೆ ತಟ್ಟಿದವರೇ ಕೂತಿದ್ದಾರೆ ಅಲ್ಲಿ. ಮತ್ತೆ ನಿಮಗೂ..." ಎಂದು ಅಷ್ಟಕ್ಕೆ ನಿಲ್ಲಿಸಿದರು. ನನಗೂ ಏನು ಎಂದು ನಾನು ಕೇಳಲಿಲ್ಲ. ವಾರದೊಳಗೆ ಅವರು ಮಗಳನ್ನು ಕರೆದುಕೊಂಡು ಕೋಡಿಂಬಾಳದ ಅಣ್ಣನ ಮನೆಗೆ ಹೋದರು. ಯಾರ ಮುಖವನ್ನೂ ನೋಡದೆ ಗಂಜಿ ಉಣ್ಣುತ್ತಿದ್ದವರು ಅತ್ತಿಗೆ ಬಡಿಸಿದಷ್ಟು ಉಂಡು, ದನದ ಕೊಟ್ಟಿಗೆ ತೊಳೆದುಕೊಂಡು ಇದ್ದರಂತೆ. ಇದೆಲ್ಲ ಆಚೀಚೆಯವರಿಂದ ಕೇಳಿದ್ದು. ನಾನು ಹೋಗಲಿಲ್ಲ. ನನ್ನ ನೌಕರಿ ಕಾಯಂ ಆಯಿತು. ಸುಳ್ಯದ ಕಡೆಗೆ ವರ್ಗವಾಯಿತು. ಅಲ್ಲಿ ನಾನು ಯಾರಿಗೂ ಬರೀ ಸಹಿ ಕಲಿಸಲಿಲ್ಲ, ಅ ಆ ಇ ಈಯಿಂದಲೇ ಕಲಿಸಿದೆ. ಇದನ್ನು ಪುಣ್ಯದ ಲೆಕ್ಕಕ್ಕೆ ಹೇಳುತ್ತಿಲ್ಲ. ಹಾಗೇ ಆಯಿತು ಎಂದು ಹೇಳಿದೆ.

ಏಳೆಂಟು ವರ್ಷ ಕಳೆದಿರಬೇಕು. ಅರವತ್ತರ ದಶಕದ ನಡುವೆ ಒಂದು ದಿನ ಕಾಣಿಯೂರಿನಲ್ಲಿ ಸುಳ್ಯದ ಬಸ್ಸಿಗೆ ಕಾಯುತ್ತಿದ್ದೆ. ಒಂದು ಬಸ್ಸು ದೂರದಲ್ಲಿ ಕಂಡಿತು. ನನ್ನ ಕಣ್ಣು ಆಗಲೇ ಮಂದ. ಹಿಂದಿನಿಂದ ಯಾರೋ, "ಪುತ್ತೂರು ಅಂತ ಬರೆದದ್ದುಂಟು. ನಿಮ್ಮ ಬಸ್ಸು ಅಲ್ಲ ಟೀಚರೇ" ಎಂದರು. ತಿರುಗಿದರೆ ದೇವಕ್ಕ. ತಲೆಯ ಅರ್ಧ ಬೆಳ್ಳಗಾಗಿತ್ತು. ನಗು ಅದೇ.

ಅವರೇ ಮಾತಾಡಿದರು. ಕುಸುಮ ಒಂದನೇ ಕ್ಲಾಸಿಗೆ ಹೋಗತೊಡಗಿದಾಗ ದಿನಾ ಸಂಜೆ ಹತ್ತಿರ ಕೂರಿಸಿಕೊಂಡು "ದೊಡ್ಡಕೆ ಓದು, ಬೆರಳಿಟ್ಟು ಓದು, ನಾನು ನೋಡ್ತೇನೆ ಸರಿ ಉಂಟಾ ಅಂತ" ಎನ್ನುತ್ತಿದ್ದರಂತೆ. ಮಗಳಿಗೆ ಅಮ್ಮ ಪಾಠ ಒಪ್ಪಿಸಿಕೊಳ್ಳುತ್ತಿದ್ದಾಳೆ ಎಂದು ಭಾವನೆ. ನಿಜವಾಗಿ ಕಲಿಯುತ್ತಿದ್ದದ್ದು ಅಮ್ಮ. ಮೂರನೇ ಕ್ಲಾಸಿನ ಪುಸ್ತಕ ಮುಗಿಯುವಾಗ ಇವರಿಗೂ ಓದು ಬಂತು. "ಅವಳಿಗೆ ಇದು ಗೊತ್ತಿಲ್ಲ ಮಾರಾಯ್ರೆ" ಎಂದು ನಕ್ಕರು. "ಟೀಚರ್ ಕಲಿಸಿದ್ದು ಅಂತಲೇ ಹೇಳಿದ್ದೇನೆ. ಸರ್ಟಿಫಿಕೇಟು ಉಂಟಲ್ಲ."

ಆಮೇಲೆ ಅದೇ ನಗುಮುಖದಲ್ಲಿ ಹೇಳಿದರು, "ಮೊದಲು ಓದಿದ್ದು ಎಂತ ಗೊತ್ತುಂಟಾ? ಆ ಪತ್ರ. ಅಣ್ಣ ನಕಲು ತೆಗೆಸಿ ಇಟ್ಟಿದ್ರು. ಮೂರು ತಿಂಗಳು ಹಿಡಿಯಿತು. ಎಂತ ಉದ್ದುದ್ದ ಶಬ್ದಗಳು! ಪೂರಾ ಓದಿದೆ, ಕೊನೆಯವರೆಗೆ. ಕೊನೆಗೆ ನಿಮ್ಮ ಹೆಸರುಂಟು." ಮತ್ತೆ ಕೇಳಿದರು, "ಒಂದು ಶಬ್ದ ಮಾತ್ರ ಗೊತ್ತಾಗ್ಲಿಲ್ಲ. ಕುಸುಮನ ಮಾಷ್ಟ್ರಲ್ಲಿ ಕೇಳ್ಲಿಕ್ಕೆ ಮನಸ್ಸಾಗ್ಲಿಲ್ಲ. ‘ಸದರಿ’ ಅಂದ್ರೆ ಎಂತ ಟೀಚರೇ?"

"ಮೇಲೆ ಹೇಳಿದ, ಅಂತ ಅರ್ಥ" ಎಂದೆ.

"ಅಷ್ಟೆಯಾ!" ಎಂದರು ದೇವಕ್ಕ. "ನಾನು ಎಂತದೋ ದೊಡ್ಡದು ಅಂತ ಗ್ರಹಿಸಿದ್ದೆ."

ಬೈಯಲಿಲ್ಲ. ಒಂದು ಮಾತು ಬೈದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆನೋ ಏನೋ. ಬೈಯದೆ ಇದ್ದದ್ದನ್ನೇ ನೆಪ ಮಾಡಿಕೊಂಡು ಸುಮ್ಮನೆ ನಿಂತೆ. ಕ್ಷಮಿಸಿ ಎಂದು ಹೇಳಲಿಲ್ಲ. ನನ್ನ ಬಸ್ಸು ಬಂತು, ಹತ್ತಿದೆ. ಕಿಟಕಿಯ ಹತ್ತಿರ ಬಂದು, "ಒಮ್ಮೆ ಮನೆಗೆ ಬನ್ನಿ ಆಯ್ತಾ" ಎಂದರು. ಬರುತ್ತೇನೆ ಎಂದೆ. ಅದೂ ಸುಳ್ಳು. ಅವರು ತೀರಿಕೊಂಡ ಸುದ್ದಿ ಕೇಳಿದ ಮೇಲೂ ನಾನು ಹೋಗಲಿಲ್ಲ.

ಕಳೆದ ತಿಂಗಳು ಕಡಬದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಒಬ್ಬ ಹೆಂಗಸು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮೊಮ್ಮಕ್ಕಳಿರುವ ಹೆಂಗಸು. ಕುಸುಮ. ತನ್ನ ಮಕ್ಕಳನ್ನೂ ಸೊಸೆಯನ್ನೂ ಕರೆದು, "ಇವರೇ ನನ್ನ ಅಮ್ಮನಿಗೆ ಓದ್ಲಿಕ್ಕೆ ಕಲಿಸಿದ ಟೀಚರ್. ಇವರಿಂದಾಗಿ ಅಮ್ಮ ಕೊನೆಯವರೆಗೆ ದಿನಾ ಪೇಪರ್ ಓದ್ತಿದ್ರು. ಎಲ್ಲರೂ ಕಾಲು ಹಿಡೀರಿ" ಎಂದಳು. ಒಬ್ಬೊಬ್ಬರಾಗಿ ಬಗ್ಗಿದರು. ನಾನು ತಲೆ ಮುಟ್ಟಿ ಹರಸಿದೆ. ಈ ಮುದಿ ವಯಸ್ಸಿನಲ್ಲೂ ಕೈ ತಾನಾಗಿ ಎದ್ದಿತು, ಬಾಯಿ ಮಾತ್ರ ಬಿಡಲಿಲ್ಲ.

ಅದಕ್ಕೇ ಬರೆದೆ. ಇದು ಅಚ್ಚಾಗುವ ಮೊದಲು ನಾನೇ ಕೋಡಿಂಬಾಳದಲ್ಲಿರುವ ಕುಸುಮನ ಮನೆಗೆ ಹೋಗುವವಳಿದ್ದೇನೆ. ಈ ಹಾಳೆಗಳನ್ನು ಅವಳ ಕೈಗೆ ಕೊಟ್ಟು, ಅವಳು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಆಮೇಲೆ ಅವಳು ಏನು ಹೇಳುತ್ತಾಳೋ ಹೇಳಲಿ. ಹೊರಗೆ ಹೋಗಿ ಎಂದರೆ ಹೋಗುತ್ತೇನೆ.

ಕುಸುಮ, ನಿನ್ನ ಅಮ್ಮನಿಗೆ ಓದಲು ಕಲಿಸಿದ್ದು ನಾನಲ್ಲ ಮಗಳೇ, ನೀನು. ಅವರಿಗೆ ಓದಿ ಹೇಳಬೇಕಾಗಿದ್ದ ದಿನ ಒಬ್ಬರು ಓದಿ ಹೇಳಲು ಸಿದ್ಧರಿದ್ದರು. ಬೇಡ ಎಂದವಳು ನಾನು.